ಬೆಳಕು ಏನು ಹೇಳಿತು?

ನಾಸಿಕದ ಕನ್ನಡ ಸಭೆ ಅಂದರೆ ಭಾರೀ ಸಭೆಯೇನಲ್ಲ. ಬೀದರ್ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ನೆಲೆನಿಂತ ಇಪ್ಪತ್ತೆರಡು ಕ್ರೈಸ್ತ ಮನೆಗಳು. ಮರಾಠಿಯವರ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ ಇವರಿಗೆ ಸಿಗುವ ಒಂದು ತಾಸು. ಅಷ್ಟೇ. ಆದರೆ ಆ ಒಂದು ತಾಸಿಗಾಗಿ ಹನುಮವ್ವನಂಥ ಮುದುಕಿಯರು ವಾರವಿಡೀ ಕಾಯುತ್ತಾರೆ. ನಲವತ್ತು ವರ್ಷ ಇಲ್ಲೇ ಕಳೆದರೂ ಹನುಮವ್ವನಿಗೆ ಮರಾಠಿ ಬರುವುದು ಕಾಯಿಪಲ್ಲೆ ಕೊಳ್ಳುವಷ್ಟೇ. ದೀಕ್ಷಾಸ್ನಾನದ ದಿನ ಹೆಸರು ಬದಲಿಸಿಕೋ ಎಂದ ಪಾಸ್ಟರಿಗೆ, ದೇವರು ಇದೇ ಹೆಸರು ಹಿಡಿದು ನನ್ನ ಹುಡುಕಿಕೊಂಡು ಬಂದಾನ, ಈಗ ಬದಲಿಸಿದರೆ ಅವನಿಗೇ ಗೊಂದಲ ಆಗತದ ಎಂದು ಉತ್ತರ ಕೊಟ್ಟ ಗಟ್ಟಿ ಹೆಂಗಸು.

ಈ ಸಭೆಗೆ ಮೂವತ್ತು ವರ್ಷದಿಂದ ಉಪದೇಶ ಮಾಡುತ್ತಿದ್ದವರು ವೈಜನಾಥ ಕಾಕಾ. ಇಗತಪುರಿಯಲ್ಲಿ ರೈಲ್ವೆ ಹಳಿ ಕಾಯುವ ಕೆಲಸದಲ್ಲಿದ್ದವರು. ಈಗ ಅವರ ಕಣ್ಣು ಪೂರಾ ಮಂಜಾಗಿ, ದೊಡ್ಡಕ್ಷರವೂ ಕಾಣದು. ಸಂಭಾಜಿನಗರದ ಮೇಲಿನ ಕಮಿಟಿಯಿಂದ ಕಾಗದ ಬಂತು: ಪರವಾನಗಿ ಇರುವ ಹೊಸ ಉಪದೇಶಿ ಸಿಗದಿದ್ದರೆ ಕನ್ನಡದ ತಾಸು ನಿಲ್ಲುತ್ತದೆ, ಎಲ್ಲರೂ ಮರಾಠಿ ಆರಾಧನೆಯಲ್ಲೇ ಕೂರಬೇಕು. ಅಷ್ಟು ಓದಿದ್ದೇ ತಡ, ಇಡೀ ಸಭೆಯ ಕಣ್ಣು ಮಂಗಲಾಳ ಮೇಲೆ ಬಿತ್ತು. ಕಾಕಾಗೆ ಕಣ್ಣು ಕೈಕೊಟ್ಟಾಗಿನಿಂದ ಬೈಬಲಿನ ವಾಕ್ಯ ಓದುತ್ತಿದ್ದವಳು ಅವಳೇ ತಾನೇ?

ಮಂಗಲಾ ಬೇಡ ಅನ್ನಲಿಲ್ಲ. ಒಳಗೊಳಗೇ ಆಸೆಯೂ ಇತ್ತು, ಸುಳ್ಳು ಯಾಕೆ. ಪಾಠಗಳನ್ನೆಲ್ಲ ಓದಿ ಪರೀಕ್ಷೆ ಬರೆದಳು, ಪಾಸೂ ಆದಳು. ಉಳಿದದ್ದು ಸಾಕ್ಷಿ ಒಂದೇ. ದೇವರು ನಿನ್ನನ್ನು ಯಾವಾಗ, ಹೇಗೆ ಕರೆದ ಎಂದು ಕಮಿಟಿ ಎದುರು ನಿಂತು ಹೇಳಬೇಕು. ಅಲ್ಲೇ ಬಂದದ್ದು ಫಜೀತಿ. ಅವಳಿಗೆ ಯಾವ ಕನಸೂ ಬಿದ್ದಿರಲಿಲ್ಲ, ಯಾವ ದನಿಯೂ ಕೇಳಿರಲಿಲ್ಲ.

ವೈಜನಾಥ ಕಾಕಾನ ಸಾಕ್ಷಿಯೋ, ಬೀದರಿನಿಂದ ಮಾಲೇಗಾಂವ್ ತನಕ ಹೆಸರುವಾಸಿ. ಇಗತಪುರಿಯ ಘಾಟಿನಲ್ಲಿ, ಧೋ ಎಂದು ಸುರಿಯುವ ಮಳೆಯಲ್ಲಿ, ಬೆಳಗಿನ ಜಾವ ಹಳಿಯ ಮೇಲೆ ಬೆಳಕು. ಬೆಳಕಿನ ನಡುವೆ ಬಿಳಿ ಬಟ್ಟೆಯವರು. ಮಲ್ಲಿಗೆಯ ಘಮ. ಅವತ್ತು ಬಿಟ್ಟ ಹೆಂಡವನ್ನು ಕಾಕಾ ಮತ್ತೆ ಮುಟ್ಟಿಲ್ಲ. ಕೇಳಿದ ಹೆಂಗಸರು ಪ್ರತಿ ಸಲವೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹೀಗಿರುವಾಗ ತನಗೇನೂ ಕಾಣಲಿಲ್ಲ ಎಂದು ಮಂಗಲಾ ಯಾವ ಬಾಯಿಂದ ಹೇಳಬೇಕು?

ಕಾಕಾ ದಾರಿ ತೋರಿಸಿದರು. ನನ್ನ ಬೆಳಕನ್ನೇ ತಗೊಂಡು ಹೋಗು, ಊರು ಮಾತ್ರ ಬದಲಿಸು, ಚಾಂದವಡದ ಬಸ್‌ಸ್ಟ್ಯಾಂಡಿನಲ್ಲಿ ಕಂಡಿತು ಅನ್ನು ಎಂದರು. ಅವರ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ, ಪಾಪ. ಹಬ್ಬಕ್ಕೆ ತನ್ನ ಅಂಗಿ ಕೊಟ್ಟು ಕಳಿಸುವವರ ಹಾಗೆ ಹೇಳಿದರು. ಹನುಮವ್ವನ ಒಂದು ತಾಸು ಉಳಿಯುತ್ತದೆ ಅನ್ನುವುದಾದರೆ ಇದೇನು ಮಹಾ ಎಂದು ಮಂಗಲಾ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮನಸ್ಸು ಕೇಳಬೇಕಲ್ಲ. ಗಂಡ ದೀಪಕ ಬಸ್ಸು ಹತ್ತಿಸಲು ಬಂದವನು, ಮುಖ ಯಾಕೆ ಹೀಗಿದೆ ಎಂದು ಕೇಳಿದ. ಹೊಟ್ಟೆ ಸರಿಯಿಲ್ಲ ಅಂದಳು. ಯೇವಲಾ ದಾಟಿ, ವೈಜಾಪುರ ದಾಟಿ, ಸಂಭಾಜಿನಗರ ಬರುವ ತನಕ ಚಾಂದವಡದ ಬೆಳಕನ್ನು ಬಾಯಿಪಾಠ ಮಾಡುತ್ತಲೇ ಇದ್ದಳು.

ಕಮಿಟಿಯಲ್ಲಿ ಮೂವರು. ಇಬ್ಬರು ಪಾಸ್ಟರುಗಳು, ಒಬ್ಬರು ಶಾಂತಾಬಾಯಿ. ಈ ಶಾಂತಾಬಾಯಿ ಹುಮನಾಬಾದಿನಲ್ಲಿ ಹೆಡ್ ಮಿಸ್ಟ್ರೆಸ್ ಆಗಿ ರಿಟೈರಾದವರು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ ಮಾತ್ರ ರಿಟೈರಾಗಿರಲಿಲ್ಲ. ಮಂಗಲಾ ಎದ್ದು ನಿಂತು ಶುರು ಮಾಡಿದಳು. ಬಸ್‌ಸ್ಟ್ಯಾಂಡು, ಮಳೆ, ಬೆಳಕು, ಬಿಳಿ ಬಟ್ಟೆ. ದನಿ ನಡುಗಿತು. ಪಾಸ್ಟರುಗಳು ಅದನ್ನು ಭಕ್ತಿ ಎಂದುಕೊಂಡು ತಲೆದೂಗಿದರು. ಮಲ್ಲಿಗೆಯ ಘಮ ಬರುವ ಹೊತ್ತಿಗೆ ಶಾಂತಾಬಾಯಿ ಕೈಯೆತ್ತಿ ತಡೆದರು.

"ಈ ಬೆಳಕಿನ ಕತಿ ನಾ ಎಂಟು ಸಲ ಕೇಳೀನಿ ತಂಗಿ. ಒಂದು ಮಾತು ಮಾತ್ರ ಯಾವತ್ತೂ ತಿಳೀಲಿಲ್ಲ. ಆ ಬಿಳಿ ಬಟ್ಟಿಯವರು ಏನ್ ಹೇಳಿದ್ರು?"

ಏನು ಹೇಳಿದರು? ಕಾಕಾ ಅದನ್ನು ಹೇಳಿಕೊಟ್ಟೇ ಇರಲಿಲ್ಲ. ಮೂವತ್ತು ವರ್ಷದಲ್ಲಿ ಯಾರೂ ಕೇಳಿಯೂ ಇರಲಿಲ್ಲ. ನಾಚಿಕೆಯಿಂದ ಮಂಗಲಾಳ ಕಿವಿ ಕಾದುಹೋಯಿತು. ಹನುಮವ್ವನ ತಾಸು ಹೋಯಿತು, ತನ್ನ ಕೈಯಾರೆ ಹೋಯಿತು ಎಂದುಕೊಂಡಳು. ಆದರೆ ವಿಚಿತ್ರ ನೋಡಿ, ಅದರ ಹಿಂದೆಯೇ ಮನಸ್ಸು ಹಗುರವೂ ಆಯಿತು.

"ಏನೂ ಹೇಳಲಿಲ್ರಿ. ಅದು ನನ್ನ ಬೆಳಕಲ್ಲ. ನನಗ ಯಾರೂ ಕಂಡಿಲ್ರಿ."

ಅಧ್ಯಕ್ಷರಾಗಿದ್ದ ಪಾಸ್ಟರು ಕಾಗದ ಮಡಚತೊಡಗಿದರು. ಶಾಂತಾಬಾಯಿ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡು, ಹಾಗಾದರೆ ಇಷ್ಟು ದೂರ ಯಾಕೆ ಬಂದೆ ಎಂದು ಕೇಳಿದರು. ಮಂಗಲಾ ಇದ್ದದ್ದು ಇದ್ದ ಹಾಗೆ ಹೇಳಿದಳು. ತಾನು ಓದಿದ್ದು ಮರಾಠಿ ಶಾಲೆ, ಕನ್ನಡ ಅಕ್ಷರ ಅಂಕಲಿಪಿ ನೋಡಿ ಕಲಿತದ್ದು. ಮದುವೆಯಾಗಿ ಬಂದ ಮೇಲೆ ಹನುಮವ್ವ ತನ್ನನ್ನು ಎದುರು ಕೂರಿಸಿಕೊಂಡು, ವಾಕ್ಯ ಓದಿಸುತ್ತಲೇ ಆ ಓದನ್ನು ತಿದ್ದಿದಳು. ಹನುಮವ್ವನಿಗೆ ಓದು ಬಾರದು, ಆದರೆ ತಪ್ಪಿದರೆ ಕಿವಿಗೆ ಗೊತ್ತಾಗುತ್ತಿತ್ತು. ಒಂದು ದಿನ, ರೋಗಿಯನ್ನು ನೋಡಿಬಂದವನು ತನ್ನನ್ನೇ ನೋಡಿಬಂದ ಹಾಗೆ ಎಂದು ಪ್ರಭು ಹೇಳುವ ಭಾಗ ಬಂತು. ಮಂಗಲಾ ಗಿಣಿಯ ಹಾಗೆ ಓದಿ ಮುಗಿಸಿದಳು. ಹನುಮವ್ವ ಕೇಳಿದಳು, ಹಾಂಗಾದ್ರ ಈ ವಾರ ಯಾರನ್ನ ನೋಡಿ ಬಂದಿ?

ಆ ಶನಿವಾರ ಮಂಗಲಾ ಸರ್ಕಾರಿ ದವಾಖಾನೆಗೆ ಹೋದಳು. ಹೆಂಗಸರ ವಾರ್ಡಿನಲ್ಲಿ ನೋಡಿಕೊಳ್ಳುವವರಿಲ್ಲದ ಒಬ್ಬಳ ತಲೆ ಜಡೆಗಟ್ಟಿತ್ತು. ಬೇರೇನೂ ತಿಳಿಯದೆ ಎಣ್ಣೆ, ಹಣಿಗೆ ಕೊಂಡು ತಂದು ತಲೆ ಬಾಚಿದಳು. ಹನ್ನೆರಡು ವರ್ಷದಿಂದ ಪ್ರತಿ ಶನಿವಾರ ಅದೇ ಕೆಲಸ.

"ದೇವರು ನನಗಂತ ಬ್ಯಾರೆ ಏನೂ ಹೇಳಿಲ್ರಿ," ಅಂದಳು ಮಂಗಲಾ. "ಎಲ್ಲಾರಿಗೂ ಹೇಳಿದ್ದನ್ನ ನಾನೂ ಕೇಳೀನಿ. ಅಷ್ಟರ ಮ್ಯಾಲೇ ನಿಂತೀನಿ."

ಅಧ್ಯಕ್ಷರು ಕರೆ ಎಂದರೆ ಹೀಗಿರಬೇಕು, ಹಾಗಿರಬೇಕು ಎಂದು ಗೊಣಗಿದರು. ಶಾಂತಾಬಾಯಿ ಒಂದೇ ಮಾತು ಅಂದರು: ದೇವರು ಬಾಯಿಬಿಟ್ಟು ಹೇಳಿದ ಮೇಲೂ ಇನ್ನೇನೋ ಕಾಣಲಿ ಎಂದು ನಾವು ಕಾಯುತ್ತೇವೆ, ಇವಳು ಕಾಯದೆ ದವಾಖಾನೆಗೆ ಹೋದಳು, ತಪ್ಪೇನು? ಎರವಲು ಸಾಕ್ಷಿ ತಂದದ್ದಕ್ಕೆ ಮಂಗಲಾಳಿಗೆ ಚೆನ್ನಾಗಿಯೇ ಬೈಗುಳ ಬಿತ್ತು. ಬೈದು ಮುಗಿಸಿ ಮೂವರೂ ಸಹಿ ಹಾಕಿದರು.

ಮರುದಿನ ಮಂಗಲಾ ಪರವಾನಗಿ ಹಿಡಿದು ಕಾಕಾನ ಮನೆಗೆ ಹೋದಳು. ಖುಷಿಯಲ್ಲಿ ಅವರು ಅವಳ ಎರಡೂ ಕೈ ಹಿಡಿದುಕೊಂಡರು. ಬೆಳಕು ಕೆಲಸ ಮಾಡಿತಲ್ಲ ಎಂದು ಬೀಗಿದರು. ಮಂಗಲಾ ನಡೆದದ್ದನ್ನೆಲ್ಲ ಹೇಳಿ, ಅಂಜುತ್ತಲೇ ಕೇಳಿದಳು, ಅವರು ನಿಮಗ ಏನ್ ಹೇಳಿದ್ರು ಕಾಕಾ?

ವೈಜನಾಥ ಕಾಕಾ ನಕ್ಕರು.

"ಏನೂ ಹೇಳಲಿಲ್ಲವ್ವ. ನಾ ಅಂಜಿ ಓಡಿಬಿಟ್ಟೆ. ಅಂಜಿಕಿ ಹೋಗಲಿಲ್ಲಂತ ಭಾನುವಾರ ಚರ್ಚಿಗೆ ಹೋಗಿ ಹಿಂದ ಕುಂತೆ. ಅಲ್ಲಿ ಯಾರೋ ಒಬ್ಬ ಮುದುಕ ತಡವರಿಸಿಕೋತ ವಾಕ್ಯ ಓದಿದ. ದಣಿದವರು ನನ್ನ ಕಡೆ ಬರ್ರಿ ಅಂತ ಪ್ರಭು ಕರೆಯೋದು. ಅದು ನನಗೇ ಅಂದಂಗಾತು. ಹೆಂಡ ಬಿಟ್ಟಿದ್ದು ಅವತ್ತು."

ಇಷ್ಟು ವರ್ಷ ಅದನ್ನು ಯಾಕೆ ಹೇಳಲಿಲ್ಲ ಎಂದು ಮಂಗಲಾ ಕೇಳಿದ್ದಕ್ಕೆ, ಅದರಾಗ ಹೇಳೋದೇನದವ್ವ, ಎಲ್ಲಾರ ಮನ್ಯಾಗೂ ಇರೋ ಮಾತು, ಜನಕ್ಕ ಬೆಳಕೇ ಬೇಕಾಗಿತ್ತು ಅಂದರು.

ಆ ಭಾನುವಾರ ಕಾಕಾ ಎಂದಿನಂತೆ ಸಾಕ್ಷಿ ಹೇಳಲು ಎದ್ದರು. ಹೆಂಗಸರು ಸೆರಗು ಕೈಗೆ ತೆಗೆದುಕೊಂಡರು. ಕಾಕಾ ತಡವರಿಸಿ ಓದಿದ ಆ ಮುದುಕನ ಬಗ್ಗೆ ಹೇಳಿದರು, ಹಿಂದಿನ ಬೆಂಚಿನಲ್ಲಿ ಕುಳಿತ ಕುಡುಕನ ಬಗ್ಗೆ ಹೇಳಿದರು. ಮೂರು ನಿಮಿಷದಲ್ಲಿ ಮುಗಿಯಿತು. ಆಮೇಲೆ ಮೊದಲ ಸಾಲಿಗೆ ಬಂದು ಹನುಮವ್ವನ ಪಕ್ಕದಲ್ಲಿ ಕೂತು, ಓದವ್ವ ಮಂಗಲಾ, ಕೇಳ್ತೀವಿ ಅಂದರು.