ಗುರುತು ಹಾಕಿದ ಕೈ

ಅಂಚು ಬಿಚ್ಚಿಕೊಂಡಿದೆ, ಈ ಹೊದಿಕೆಯ ಅಂಚು, ಯಾವ ಪುಣ್ಯಾತ್ಮ ಹೊಲಿದನೋ, ಕೊನೆಗೊಂದು ಗಂಟು ಹಾಕುವಷ್ಟೂ ವ್ಯವಧಾನವಿಲ್ಲ, ನನ್ನ ಅಂಗಡಿಯಲ್ಲಾಗಿದ್ದರೆ ಕಿವಿ ಹಿಂಡುತ್ತಿದ್ದೆ — ನೋಡಬೇಡ, ಮೇಲೆ ನೋಡು, ಮೇಲೆ ತೂಗುಹಾಕಿದ ಚೀಲದಿಂದ ಕೆಂಪು ಔಷಧಿ ಕೊಳವೆಗಿಳಿದು ನನ್ನ ಬಲಗೈಯ ಹಿಂಬದಿಗೆ ಸೇರುತ್ತಿದೆ, ಎಡಗಡೆಯ ಎದೆ ತೆಗೆದಾಗಿನಿಂದ ಎಡಗೈಗೆ ಸೂಜಿ ಚುಚ್ಚುವಂತಿಲ್ಲ, ಉಳಿದದ್ದು ಇದೊಂದೇ, ಕತ್ತರಿ ಹಿಡಿಯುವ ಕೈ, ನಲವತ್ತು ವರ್ಷ ಅನ್ನ ಹಾಕಿದ ಕೈ. ನರ್ಸ್ ಹೇಳಿದ್ದಳು, ಅಲ್ಲ, ಹೇಳಿದ್ದರು, ನನ್ನ ಮಗಳ ವಯಸ್ಸಾದರೇನು, ಸೂಜಿ ಅವರ ಕೈಯಲ್ಲಿದೆ, ಮರ್ಯಾದೆ ಕೊಡಲೇಬೇಕು — ಕೈ ಅಲ್ಲಾಡಿಸ್ಬೇಡಿ ಆಂಟಿ, ಇದು ನರದೊಳಗಿದ್ರೆ ಮದ್ದು, ನರದಿಂದ ಆಚೆ ಬಂತು ಅಂದ್ರೆ ಮಾಂಸಾನೇ ಸುಟ್ಟುಹಾಕುತ್ತೆ, ಸ್ವಲ್ಪ ಉರಿ ಅನ್ಸಿದ್ರೂ ತಕ್ಷಣ ಕೂಗಿ, ಸಂಕೋಚ ಪಟ್ಕೋಬೇಡಿ. ಆಯ್ತಮ್ಮ ಅಂದೆ. ಹೇಳಿ ಮುಗಿಸಿಲ್ಲ, ಪಕ್ಕದ ಹಾಸಿಗೆಯ ಮೇಷ್ಟ್ರು ಭಳಭಳ ವಾಂತಿ ಮಾಡಿಕೊಂಡರು, ಒಂದೇ ನಿಮಿಷ ಆಂಟಿ, ಎಂದು ನರ್ಸ್ ಆ ಕಡೆ ಓಡಿದರು.

ಆ ಒಂದು ನಿಮಿಷ ಸಾಕಾಯಿತು. ನಾನು ಮಾಡಿದ್ದಲ್ಲ, ಕೈ ಮಾಡಿದ್ದು — ಬೆರಳುಗಳೇ ಬಿಚ್ಚಿದ ಅಂಚನ್ನು ಹುಡುಕಿಕೊಂಡು ಹೋಗಿ, ಮಡಚಿ, ಉಗುರಿನಿಂದ ತೀಡಿ, ಮತ್ತೆ ಮಡಚಿ, ಮಣಿಕಟ್ಟು ತಿರುಗಿಸಿ ಮುಂದೆ ಸರಿಸಿ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರಲ್ಲ, ಒಂದು ಗೇಣು ಮಡಚುವಷ್ಟರಲ್ಲಿ ಸೂಜಿಯ ಪಕ್ಕ ಚುರುಕ್ ಅಂದಿತು. ಗೋಡೆ ಗಡಿಯಾರದಲ್ಲಿ ಹನ್ನೊಂದು ಹತ್ತು. ಕೂಗಬೇಕಿತ್ತು. ನರ್ಸ್ ಮೇಷ್ಟ್ರ ಬೆನ್ನು ನೀವುತ್ತಿದ್ದಾರೆ, ಪಾಪ, ಅವರಿಗೂ ಎರಡೇ ಕೈ, ಆಮೇಲೆ ಹೇಳಿದರಾಯಿತು, ಸೂಜಿ ತಾಗಿದ್ದಕ್ಕೆಲ್ಲ ಬಾಯಿ ಬಿಡುವವಳು ಟೈಲರ್ ಆಗುತ್ತಾಳೆಯೇ, ಹದಿನಾಲ್ಕು ವರ್ಷದವಳಿದ್ದಾಗ ಮೆಷಿನ್ನಿನ ಸೂಜಿ ತೋರುಬೆರಳಿನ ಉಗುರು ತೂರಿ ಆಚೆ ಬಂದಿದೆ, ಕೆಳಗೆ ಬಿಳಿ ರೇಷ್ಮೆ, ಎದುರಿಗೇ ಗಿರಾಕಿ, ನಾನು ಕಿರುಚಲಿಲ್ಲ, ಚಕ್ರ ಹಿಂದಕ್ಕೆ ತಿರುಗಿಸಿ ಬೆರಳು ಬಿಡಿಸಿ ಬಾಯಲ್ಲಿಟ್ಟುಕೊಂಡೆ, ಬಟ್ಟೆಗೆ ಒಂದು ಹನಿ ತಾಗಲಿಲ್ಲ, ಅಕ್ಕ — ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಕೆಲಸ ಕಲಿಸಿದವಳು, ಈಗ ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವಳು — ಗಿರಾಕಿಯ ಕಡೆ ತಿರುಗಿ, ನೋಡಿದ್ರಾ, ಇವಳು ನನ್ನ ತಂಗಿ, ಅಂದಳು. ಆ ಒಂದು ಮಾತಿಗೆ ಹೆರಿಗೆಯಲ್ಲೂ ಹಲ್ಲು ಕಚ್ಚಿ ಹಿಡಿದೆ, ಎದೆಯ ಗಂಟನ್ನೂ ಆರು ತಿಂಗಳು ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡೆ, ಬುದ್ಧಿ ಬಂತೇ, ಬರಲಿಲ್ಲ.

ಉರಿ ಈಗ ಮಣಿಕಟ್ಟಿಗೆ ಬಂದಿದೆ, ಒಲೆಯ ಮೇಲಿನ ಪಾತ್ರೆ ಬರಿಗೈಲಿ ಹಿಡಿದ ಹಾಗೆ, ಆದರೆ ಪಾತ್ರೆಯಾದರೆ ಇಳಿಸಬಹುದು — ಹೇಳಿದರೆ ನಿಲ್ಲಿಸುತ್ತಾರೆ, ಹೋದ ಸಲವೂ ಹೀಗೇ, ಬಿಳಿ ರಕ್ತಕಣ ಕಮ್ಮಿಯಿದೆ ಅಂತ ಚುಚ್ಚದೆಯೇ ಮನೆಗೆ ಕಳಿಸಿದರು, ಇವತ್ತೂ ನಿಂತರೆ ಒಳಗೆ ಉಳಿದಿರುವ ರೋಗ ಸುಮ್ಮನೆ ಕೂರುತ್ತದೆಯೇ, ಇನ್ನೆಷ್ಟು, ಚೀಲದಲ್ಲಿ ಕಾಲು ಭಾಗ, ತಡೆದುಕೋ, ಭಯ, ಹೌದು, ನನಗೆ ಭಯ. ಸೂಜಿಯ ಪಕ್ಕ ಚರ್ಮ ಉಬ್ಬಿದೆ, ಕೋಟಿನ ಗುಂಡಿಯಷ್ಟು, ಎಷ್ಟು ದುಂಡಗಿದೆ, ಯಾರೋ ಗೀಟು ಎಳೆದ ಹಾಗೆ — ಗೀಟು, ಅಕ್ಕ ನನಗೆ ಮೊದಲು ಕೊಟ್ಟದ್ದು ಕತ್ತರಿಯಲ್ಲ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ, ನೂರು ಸಲ ಯೋಚ್ನೆ ಮಾಡಿ ಎಳೆಯೇ, ಗೀಟು ಬಿತ್ತು ಅಂದ್ರೆ ಕತ್ತರಿ ಬಿತ್ತು ಅಂತಾನೇ ಲೆಕ್ಕ — ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ನನ್ನ ಎದೆಯ ಮೇಲೆ ಪೆನ್ನಿನಲ್ಲಿ ಗೀಟು ಎಳೆದರು, ಅದೂ ನೀಲಿ, ಮರುದಿನ ಎಚ್ಚರವಾದಾಗ ಅಲ್ಲಿ ಏನೂ ಇರಲಿಲ್ಲ.

ಸಿಸ್ಟರ್. ನನ್ನ ದನಿಯೇ. ಹನ್ನೊಂದು ಇಪ್ಪತ್ತೈದು. ಅವರು ಬಂದು ನೋಡಿದವರೇ ಔಷಧಿ ನಿಲ್ಲಿಸಿದರು, ಸೂಜಿ ಕೀಳಲಿಲ್ಲ, ಅದಕ್ಕೇ ಖಾಲಿ ಸಿರಿಂಜು ಸಿಕ್ಕಿಸಿ ಹಿಂದಕ್ಕೆಳೆದರು, ಚೂರು ಕೆಂಪು ಬಂತು, ಆಮೇಲೆ ಬರಲಿಲ್ಲ, ಡಾಕ್ಟರನ್ನ ಕರೀರಿ, ಐಸ್ ತನ್ನಿ, ಯಾವಾಗಿಂದ ಉರೀತಿದೆ ಆಂಟಿ. ಈಗಷ್ಟೇ. ಬಾಯಿಂದ ಬಂದುಬಿಟ್ಟಿತು, ಗಿರಾಕಿಗೆ ನಾಳೆ ಕೊಡ್ತೀನಿ ಅನ್ನುವ ಹಾಗೆ. ಅವರು ಜೇಬಿನಿಂದ ಪೆನ್ನು ತೆಗೆದರು, ಉಬ್ಬಿನ ಸುತ್ತ ಗೀಟು ಎಳೆದರು, ಪಕ್ಕದಲ್ಲಿ ಚರ್ಮದ ಮೇಲೆಯೇ ಬರೆದರು, 11.25. ನನ್ನ ಸುಳ್ಳು ನನ್ನ ಕೈಮೇಲೆ. ನಿಜ ಹೇಳಿ ಆಂಟಿ, ಬೈಯಲ್ಲ, ಎಷ್ಟು ಹೊತ್ತು ಆಚೆ ಹೋಗಿದೆ ಅಂತ ಗೊತ್ತಾದ್ರೆ ತಾನೇ ಮುಂದಿನದ್ದು. ಹತ್ತಕ್ಕೆ, ಹನ್ನೊಂದು ಹತ್ತಕ್ಕೆ ಶುರುವಾಯ್ತಮ್ಮ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರೆದದ್ದನ್ನು ಹೊಡೆದುಹಾಕಿ 11.10 ಎಂದು ಬರೆದು, ಮೊದಲಿನ ಗೀಟಿನ ಆಚೆ, ಕೆಂಪು ಹರಡಿದಲ್ಲಿಯವರೆಗೆ, ಇನ್ನೊಂದು ಎಳೆದರು, ಹೆಬ್ಬೆರಳಿನ ಬುಡವೂ ಒಳಗೆ ಸೇರಿತು, ಫೋನಿನಲ್ಲಿ ಆಪರೇಷನ್ ಡಾಕ್ಟರೂ ಒಂದ್ಸಲ ನೋಡ್ಲಿ ಎಂಬ ಮಾತು ಕೇಳಿಸಿತು, ಬಾಗಿಲು ತೆರೆಯಿತು, ಅಕ್ಕ, ಚಪ್ಪಲಿ ಹೊರಗೇ ಬಿಟ್ಟು ಓಡಿ ಬಂದಿದ್ದಾಳೆ, ಯಾಕೇ, ಬಾಯಿ ಬಿಟ್ಟು ಹೇಳೋಕೇನಾಗಿತ್ತೇ ನಿನಗೆ, ಯಾಕೇ ಕೂಗ್ಲಿಲ್ಲ — ಅಕ್ಕ ಕೇಳುತ್ತಿದ್ದಾಳೆ, ಅಕ್ಕನೇ ಕೇಳುತ್ತಿದ್ದಾಳೆ, ಐಸಿನ ಚೀಲ ಸರಿಸಿ ನನ್ನ ಕೈ ನೋಡಿದಳು, ಗೀಟಿನ ಲೆಕ್ಕ ಅವಳಿಗೂ ಗೊತ್ತು, ಕಲಿಸಿದವಳೇ ಅವಳು, ನಾವಿಬ್ಬರೂ ಅದನ್ನೇ ನೋಡುತ್ತಿದ್ದೇವೆ, ಗೀಟು, ನೀಲಿ ಗೀಟು, ಗೀಟಿನೊಳಗೆ ನನ್ನ ಕೈ, ಗೀಟು —