ಎರಡು ಬಾಟಲಿ ಬಿಳಿ ಮದ್ದು

ಆಡಿನ ಮರಿಗೆ ಮದ್ದು ಕುಡಿಸಿ ಸಿರಿಂಜು ಕೆಳಗಿಟ್ಟ ಮೇಲೆ ಲೋಲಾಕ್ಷಿಯ ಮೂಗಿಗೆ ಆ ವಾಸನೆ ಬಡಿಯಿತು. ಉಣ್ಣಿ ಮದ್ದಿನ ವಾಸನೆ.

ಮೃಗಾಸ್ಪತ್ರೆಗೆ ಬಾಟಲಿಯನ್ನು ಮನೆಯಿಂದಲೇ ಒಯ್ಯಬೇಕು. ಅವಳು ಒಯ್ದ ಖಾಲಿ ಸೋಡಾ ಬಾಟಲಿಯಲ್ಲಿ ಹೊಟ್ಟೆಹುಳದ ಬಿಳಿ ಮದ್ದು ಬಂದಿತ್ತು. ತಾಯಾಡಿನ ಮೈಗೆ ಹಚ್ಚುವ ಉಣ್ಣಿ ಮದ್ದೋ ಶುದ್ಧ ವಿಷ. ಬೆಳಿಗ್ಗೆ ಗಂಡ ಮಂಜ ಅದನ್ನು ನೀರಿಗೆ ಬೆರೆಸಿದಾಗ ಅದೂ ಹಾಲಿನಷ್ಟೇ ಬಿಳಿಯಾಯಿತು. ಉಳಿದದ್ದನ್ನು ಮಹಾರಾಯ ಅಂಥದ್ದೇ ಬಾಟಲಿಗೆ ತುಂಬಿ ಪಕ್ಕದಲ್ಲೇ ಇಟ್ಟಿದ್ದ. ಬುದ್ಧಿ ಇಬ್ಬರಿಗೂ ಅಷ್ಟಕ್ಕಷ್ಟೆ ಅನ್ನಿ.

ಮೀಂಜ ಊರಲ್ಲಿ ಮಳೆ ಹಿಂದೆ ಸರಿಯುವ ಹೊತ್ತೇ ಆಡು ಸಾಕುವವರಿಗೆ ಹೆದರಿಕೆಯ ಕಾಲ. ಒದ್ದೆ ಹುಲ್ಲಿನಿಂದ ಹೊಟ್ಟೆ ಸೇರುವ ಹುಳವನ್ನು ದೊಡ್ಡವು ಹೇಗೋ ತಡೆದುಕೊಳ್ಳುತ್ತವೆ. ಮೂರು ತಿಂಗಳ ಮರಿಗಳ ರಕ್ತ ಮಾತ್ರ ಬತ್ತಿಹೋಗುತ್ತದೆ. ಹೋದ ವರ್ಷ ಎರಡು ಮರಿ ಹಾಗೇ ಸತ್ತಿದ್ದವು. ಈ ಸಲ ಇದ್ದದ್ದು ಬೊಳ್ಳಿ ಎಂಬ ಈ ಮರಿ ಒಂದೇ. ಅದರ ಗದ್ದದಡಿಯೂ ಬಾತಿತ್ತು, ಕಣ್ಣಿನ ಒಳರೆಪ್ಪೆ ಬಿಳುಚಿಕೊಂಡಿತ್ತು.

"ಹೋಯ್, ಇಲ್ಲಿ ಬನ್ನಿ! ನಾನು ಬೊಳ್ಳಿಗೆ ವಿಷ ಕುಡಿಸಿದೆ!"

ಮಂಜ ಓಡಿಬಂದ. ಎರಡೂ ಬಾಟಲಿ ಎತ್ತಿ ನೋಡಿದ. ಯಾವುದು ಯಾವುದೆಂದು ಅವನಿಗೂ ತಿಳಿಯಲಿಲ್ಲ. "ಎಣ್ಣೆ ಕುಡಿಸು ಮಾರಾಯ್ತಿ, ವಿಷ ಇಳಿಯುತ್ತದೆ!"

ಅವನು ಮರಿಯ ತಲೆ ಎತ್ತಿ ಹಿಡಿದ. ಅವಳು ತೆಂಗಿನೆಣ್ಣೆಯನ್ನು ಗಂಟಲಿಗೆ ಸುರಿದಳು. ಬೊಳ್ಳಿ ಕೆಮ್ಮಿತು, ಒದ್ದಾಡಿತು. ಲೋಟ ಖಾಲಿಯಾಗುವ ತನಕ ಅವಳು ನಿಲ್ಲಿಸಲಿಲ್ಲ.

ಮೃಗಾಸ್ಪತ್ರೆಗೆ ಹೊರಟ ಆಟೋದಲ್ಲಿ ಅವಳ ಮಡಿಲಲ್ಲಿದ್ದ ಮರಿಯ ಉಸಿರು ಗೊರಗೊರ ಎನ್ನುತ್ತಿತ್ತು. ವಿಷ ಏರುತ್ತಿದೆ ಎಂದುಕೊಂಡಳು. ದೇವರೇ, ಇದರ ಸಾವು ನನ್ನ ಕೈಯಿಂದ ಮಾತ್ರ ಬೇಡ ಎಂದು ದಾರಿಯುದ್ದಕ್ಕೂ ಬೇಡಿದಳು.

ಮೃಗಾಸ್ಪತ್ರೆಯ ಡಾಕ್ಟರ್ ವಸುಮತಿ ಮದ್ದು ಅದಲುಬದಲಾಯಿತೆಂಬ ಮಾತು ಕೇಳಿ, ಲೋಲಾಕ್ಷಿ ತಂದಿದ್ದ ಸಿರಿಂಜನ್ನು ಮೂಸಿ, ತಳದಲ್ಲಿ ಉಳಿದ ಹನಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಹೆದರಬೇಡಿ ಲೋಲಾಕ್ಷಿಯಕ್ಕ, ಇದು ಹುಳದ ಮದ್ದೇ. ಆ ವಾಸನೆ ನಿಮ್ಮ ಕೈಯದ್ದು. ಬೆಳಿಗ್ಗೆ ತಾಯಾಡಿಗೆ ಉಣ್ಣಿ ಮದ್ದು ಹಚ್ಚಿದ್ದೀರಲ್ವಾ?"

ಲೋಲಾಕ್ಷಿಗೆ ಅಳುವೇ ಬಂತು. ಮಂಜ ನಕ್ಕೇಬಿಟ್ಟ.

ಡಾಕ್ಟರು ಮರಿಯ ಎದೆಗೆ ಸ್ಟೆತಸ್ಕೋಪ್ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಶ್ವಾಸಕೋಶಕ್ಕೆ ಎಂತದೋ ಹೋಗಿದೆ. ಮದ್ದು ಸರಿಯೇ ಉಂಟು. ಅದರ ಮೇಲೆ ಎಂತ ಕುಡಿಸಿದಿರಿ?"

ಮಂಜನ ನಗು ನಿಂತಿತು. ಲೋಲಾಕ್ಷಿ ಎಣ್ಣೆ ಮೆತ್ತಿದ್ದ ತನ್ನ ಬೆರಳುಗಳನ್ನು ನೋಡಿಕೊಂಡಳು.