ಬಾವಿಗೆ ಬಂದ ಮುರಿ ಮೀನು

ಬೇಡಕಿಹಾಳದ ಚಂದ್ರಮತಿ ಮದುವೆಯಾಗಿ ಬಂದ ದಿನದಿಂದ ಸೋಸದ ನೀರನ್ನು ಒಲೆಗೆ ಇಟ್ಟವಳಲ್ಲ. ಬಾವಿಯ ನೀರನ್ನು ಎರಡು ಪದರಿನ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಸಣ್ಣ ಜೀವಗಳನ್ನು, ಅಂದರೆ ಜೀವಾಣಿಯನ್ನು, ತಂಬಿಗೆಗೆ ತೊಳೆದು, ಹಗ್ಗ ಕಟ್ಟಿ ಮತ್ತೆ ಬಾವಿಗಿಳಿಸುವುದು ಜೈನರ ಮನೆಯ ರೂಢಿ. ಯಾವ ನೀರಿನ ಜೀವವೋ ಆ ನೀರಿಗೇ ಸೇರಬೇಕು. ನಲವತ್ತು ವರ್ಷ ಬಗ್ಗಿ ಎದ್ದು ಅವಳ ಮೊಣಕಾಲು ಸವೆದಿದ್ದವು.

ಸಾವಿರದ ಒಂಬೈನೂರ ಎಂಬತ್ತೇಳರ ಬೇಸಿಗೆಯಲ್ಲಿ ಮಗ ಧನಪಾಲ ಕಬ್ಬಿಗೆ ನೀರು ಸಾಲದೆಂದು ಹಳ್ಳದ ಒಡ್ಡಿನಿಂದ ಬಾವಿಗೆ ಕಾಲುವೆ ಕಡಿಸಿದ. ಅಂದಿನಿಂದ ಬಟ್ಟೆಯಲ್ಲಿ ಉಗುರುದ್ದದ ಮೀನು ಸಿಗತೊಡಗಿದವು. ಎಂದಿನಂತೆ ಬಾವಿಗೇ ಬಿಟ್ಟಳು. ಮರುದಿನ ಅವುಗಳಲ್ಲಿ ಕೆಲವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಂಟು ದಿನವೂ ಅದೇ ಕಥೆ. ತನ್ನ ಕೈಯಿಂದಲೇ ಹಿಂಸೆಯಾಗುತ್ತಿದೆಯೇನೋ ಎಂಬ ಚಿಂತೆಗೆ ಅನ್ನ ರುಚಿಸಲಿಲ್ಲ. ಕೆಲವಷ್ಟೇ ಯಾಕೆ ಸಾಯುತ್ತವೆ ಎಂದು ಮಗನನ್ನು ಕೇಳಿದರೆ, ಮೀನೆಂದರೆ ಎಲ್ಲ ಮೀನೇ ಎಂದು ಹೊಲದ ಹಾದಿ ಹಿಡಿದ.

ಒಂಬತ್ತನೆಯ ದಿನ ಅವಳು ಜೀವಾಣಿಯ ತಂಬಿಗೆ ಹಿಡಿದು, ಕುಂಟುತ್ತ ಹಳ್ಳದ ದಂಡೆಯ ಕೆಂಪವ್ವನ ಗುಡಿಸಲಿಗೆ ಹೋದಳು. ಮೀನು ಹಿಡಿದು ಮಾರುವವಳ ಅಂಗಳಕ್ಕೆ ಅವಳು ಹಿಂದೆಂದೂ ಕಾಲಿಟ್ಟಿರಲಿಲ್ಲ.

ಕೆಂಪವ್ವ ತಂಬಿಗೆಗೆ ಕೈಯದ್ದಿ, ಬೊಗಸೆಯ ನೀರಿನಲ್ಲೇ ಮೀನುಗಳನ್ನು ಬಿಸಿಲಿಗೆ ಹಿಡಿದಳು.

“ಬಾಲದ ಬುಡಕ ಕರೀ ಬೊಟ್ಟು ಐತಲ್ರಿ, ಇದು ನಿಂತ ನೀರಾಗೂ ಬದಕತೈತಿ. ಈ ಮೈತುಂಬ ಪಟ್ಟಿ, ಮೂತಿಗೆ ಮೀಸಿ ಇದ್ದಿದ್ದು ಮುರಿ. ಹರಿಯೋ ನೀರಾಗ, ಕಲ್ಲಿನ ಬುಡಕ ಇರೂದು. ಬಾವ್ಯಾಗ ಇದಕ್ಕ ಉಸರು ಕಟ್ಟತೈತಿ.”

“ಹಂಗಾರ ಎಂಟ ದಿನದಿಂದ ನಾನ ಕೊಂದೇನಿ ಅನ್ನು.”

“ನಾ ಕೊಂದರ ಸಾರರೆ ಆಗತೈತ್ರಿ, ಅಕ್ಕಾರ.”

ಚಂದ್ರಮತಿ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ದಿನಾ ಮೀನು ಆರಿಸಿ, ಮುರಿಯನ್ನು ಇಷ್ಟು ದೂರ ಹೊತ್ತು ತರುವ ಕಸುವು ತನ್ನಲ್ಲಿ ಉಳಿದಿಲ್ಲವೆಂದು ಮೆಲ್ಲಗೆ ಹೇಳಿಕೊಂಡಳು. ಕೆಂಪವ್ವ ಒಳಗೆ ಹೋಗಿ, ಸಣ್ಣ ಕಣ್ಣಿನ ಹಳೆಯ ಬಲೆಯೊಂದನ್ನು ತಂದು ಮುಂದಿಟ್ಟಳು. ಕಾಲುವೆಯ ಬಾಯಿಗೆ ಇದನ್ನು ಬಿಗಿದರೆ ಯಾವ ಮೀನೂ ಬಾವಿಯ ಕಡೆ ಬರುವುದಿಲ್ಲ ಎಂದಳು.

ಬಲೆಯಲ್ಲಿ ಮೀನಿನ ನಾತವಿತ್ತು. ಹುರಿಗೆ ಹುರುಪೆ ಅಂಟಿತ್ತು. ಎಷ್ಟು ಜೀವ ಅದರಲ್ಲಿ ಒದ್ದಾಡಿದ್ದವೋ. ಚಂದ್ರಮತಿಯ ಕೈ ಮುಂದೆ ಹೋಗಲಿಲ್ಲ.

“ನೀನ ಕಟ್ಟಿ ಬಿಡಬೇ,” ಎಂದಳು.

“ಇವತ್ತ ನಾ ಕಟ್ಟತೇನ್ರಿ. ನಾಳೆ ಕಸ ಸಿಕ್ಕೊಂಡರ ಬಿಚ್ಚಿ ತೊಳಿಯಾವ್ರು ಯಾರು? ನಿಮ್ಮ ಮಗಾನ?”

ಅದು ಖರೆ. ಕಸ ತುಂಬಿ ನೀರು ನಿಂತರೆ ಧನಪಾಲ ಬಲೆಯನ್ನು ಕಿತ್ತೆಸೆಯುವವನೇ. ಚಂದ್ರಮತಿ ಕಣ್ಣು ಮುಚ್ಚಿ ಒಮ್ಮೆ ಣಮೋಕಾರ ಮಂತ್ರ ಹೇಳಿ, ಬಲೆಯನ್ನು ಎತ್ತಿಕೊಂಡಳು.

ಇಬ್ಬರೂ ಸೇರಿ ಅದನ್ನು ಕಾಲುವೆಯ ಬಾಯಿಗೆ ಗೂಟ ಬಡಿದು ಕಟ್ಟಿದರು. ತಂಬಿಗೆಯ ಮುರಿಗಳನ್ನು ಹಳ್ಳಕ್ಕೆ ಬಿಟ್ಟಾಗ ಒಂದು ಅಲುಗಲಿಲ್ಲ. ಉಳಿದೆರಡು ಕಲ್ಲಿನ ಸಂದಿಗೆ ನುಗ್ಗಿದವು. ಚಂದ್ರಮತಿ ತಂಬಿಗೆ ಎತ್ತಿಕೊಂಡಳು. ಇನ್ನು ಕಸ ಸಿಕ್ಕಿದಾಗಲೆಲ್ಲ ಬಂದು ಬಲೆ ಮುಟ್ಟಬೇಕು, ಮುಟ್ಟಿದ ಮೈಲಿಗೆಗೆ ಅಂದು ಎರಡು ಸಲ ಮೀಯಬೇಕು. ಮೊಣಕಾಲಿಗೆ ಕೈಯೂರಿ, ದಂಡೆ ಹತ್ತತೊಡಗಿದಳು.